ಗುರುಋಣ

ಗುರುವಿನ ಋಣವು ತೀರುವುದು ಹೇಗೆ? ಆತನ ಮಾತನ್ನೇ ಮರಳಿ ನುಡಿಯುವುದರಿಂದಲೇ, ಇಲ್ಲವೆ ಆತನು ತೋರಿದ ಬೆಳಕಿನಲ್ಲಿ ತನ್ನ ದಾರಿಯನ್ನು ತಾನೇ ನಡೆಯುವುದರಿಂದಲೇ? ಬಿ. ಎಂ. ಶ್ರೀಕಂಠಯ್ಯನವರ (1884–1946) ಜೀವನವನ್ನು ನೆನೆದರೆ ಉತ್ತರವು ತಾನಾಗಿ ತೋರುವುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರು ಬೋಧಿಸುತ್ತಿದ್ದುದು ಇಂಗ್ಲಿಷ್ ಸಾಹಿತ್ಯ. ಶಿಷ್ಯರ ಹೃದಯದಲ್ಲಿ ಹೊತ್ತಿಸಿದುದು ಕನ್ನಡದ ದೀಪ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಗ್ರಂಥವನ್ನು ಪ್ರಕಟಿಸಿ, ಪರಭಾಷೆಯ ಮೇಲಣ ಪ್ರೀತಿಯು ತಾಯ್ನುಡಿಗೆ ಹಗೆಯಲ್ಲವೆಂಬುದನ್ನು ಅವರು ಮಾಡಿ ತೋರಿದರು.

ಶಿಷ್ಯರಾದರೋ ಗುರುವಿನ ಪಡಿಯಚ್ಚುಗಳಾಗಲಿಲ್ಲ. ಕುವೆಂಪು ಅವರು ರಾಮಾಯಣದ ಮಹಾಕಾವ್ಯವನ್ನು ರಚಿಸಿದರು, ತೀ. ನಂ. ಶ್ರೀಕಂಠಯ್ಯನವರು ಸಂಸ್ಕೃತದ ಅಲಂಕಾರಶಾಸ್ತ್ರವನ್ನು 1953ರಲ್ಲಿ ‘ಭಾರತೀಯ ಕಾವ್ಯಮೀಮಾಂಸೆ’ಯ ರೂಪದಲ್ಲಿ ಕನ್ನಡಿಗರ ಕೈಗಿತ್ತರು. ಇದರಿಂದ ಗುರುವಿನ ಮಹಿಮೆಯು ಕುಂದಿತೇ? ಹೆಚ್ಚಿತೆಂದೇ ಹೇಳಬೇಕು.

ನಾಡು ಅವರನ್ನು ‘ಕನ್ನಡದ ಕಣ್ವ’ರೆಂದು ಕರೆದುದು ಉಚಿತವಾಗಿದೆ. ಕಣ್ವಮಹರ್ಷಿಯು ಶಕುಂತಲೆಯನ್ನು ಹೆತ್ತವನಲ್ಲ, ಸಾಕಿದವನು. ಕಣ್ಣು ತುಂಬಿದರೂ ಅವಳನ್ನು ಆಶ್ರಮದಲ್ಲಿ ಇರಿಸಿಕೊಳ್ಳದೆ ಅವಳ ಮನೆಗೆ ಕಳುಹಿದನು. ಇಂದು ಮೂಡಲಪಾಳ್ಯದ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಉಪಾಧ್ಯಾಯಿನಿಗೂ ಇದೇ ಧರ್ಮವು. ಅವಳನ್ನು ನೆನೆಯುವ ಶಿಷ್ಯೆಯು ಪಡೆದುದನ್ನು ಮುಂದಿನವರಿಗೆ ಕೊಟ್ಟಲ್ಲಿ ಋಣವು ತೀರಿದಂತೆಯೇ ಸರಿ.