ಷರಾ

ಶಾಲೆಯ ಯಾವುದಾದರೂ ದಾಖಲೆ ಪುಸ್ತಕ ತೆಗೆದು ನೋಡಿ. ಹಾಳೆಯ ಬಲತುದಿಗೆ ಕೊನೆಯದಾಗಿ ಒಂದು ಕಾಲಂ ಇರುತ್ತದೆ. ಅದರ ಮೇಲೆ ‘ಷರಾ’ ಎಂದು ಅಚ್ಚಾಗಿರುತ್ತದೆ. ಹೆಸರು, ಜನ್ಮ ದಿನಾಂಕ, ಹಾಜರಿ ಎಲ್ಲ ತುಂಬಿದ ಮೇಲೂ ಹೇಳುವುದು ಏನಾದರೂ ಉಳಿದಿದ್ದರೆ ಅಲ್ಲಿ ಬರೆಯಬೇಕು. ಬಹಳಷ್ಟು ಪುಸ್ತಕಗಳಲ್ಲಿ ಅದು ಖಾಲಿ. ಸುಮಾರು 30 ವರ್ಷದ ನೌಕರಿಯಲ್ಲಿ ನಾನೂ ಅದನ್ನು ಖಾಲಿ ಬಿಟ್ಟವಳೇ.

ಆ ಕಾಲಮಿನ ಬಗ್ಗೆ ನಾನು ಯೋಚಿಸತೊಡಗಿದ್ದು ಹೋದ ವರ್ಷದ ಶೀಗಿ ಹುಣ್ಣಿಮೆಯ ಸಂಜೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದು ಪಡಸಾಲೆಯಲ್ಲಿ ದಣಿವಾರಿಸಿಕೊಳ್ಳುತ್ತ ಕೂತಿದ್ದೆವು. ನನ್ನ ತಮ್ಮನ ಮಗ ಹುಬ್ಬಳ್ಳಿಯಲ್ಲಿ ಒಂದು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದರೂ ಕೆಲಸ ಅವನನ್ನು ಬಿಡುವುದಿಲ್ಲ. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಪ್ಪು ಪರದೆಯ ಮೇಲೆ ಏನೋ ಟೈಪು ಮಾಡುತ್ತಿದ್ದ. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ.

“ಯಾರಿಗೆ ಪತ್ರಾ ಬರಿಯಾಕತ್ತೀಯೋ ತಮ್ಮಾ?” ಎಂದೆ.

“ಯಾರಿಗೂ ಅಲ್ಲ ಅತ್ತಿ. ಲಾಗ್‌ನ್ಯಾಗ ಬರಿಯಾಕತ್ತೇನಿ.”

ಹಾಗೆಂದರೇನು ಎಂದು ಕೇಳಿದೆ. ಅವನು ತಾಳ್ಮೆಯಿಂದ ಹೇಳಿದ. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಕಂಪ್ಯೂಟರು ತನ್ನದೊಂದು ದಿನಚರಿ ಇಟ್ಟಿರುತ್ತದಂತೆ. ಯಾರು ಒಳಗೆ ಬಂದರು, ಯಾವ ಕೆಲಸ ನಿಂತಿತು, ಎಲ್ಲಿ ತಪ್ಪಾಯಿತು ಎಂದು ತಾನೇ ಸಾಲು ಸಾಲಾಗಿ ಬರೆದುಕೊಳ್ಳುತ್ತದೆ. ಅದು ಸಿಸ್ಟಮ್ ಲಾಗ್. ಲಾಗ್ ಎಂದರೆ ಮರದ ಕೊರಡು. ಹಿಂದೆ ಹಡಗಿನವರು ಹಗ್ಗ ಕಟ್ಟಿದ ಕೊರಡನ್ನು ನೀರಿಗೆ ಎಸೆದು ಹಡಗಿನ ವೇಗ ಅಳೆದು, ಅದನ್ನು ಬರೆದಿಡುತ್ತಿದ್ದ ಪುಸ್ತಕಕ್ಕೆ ಲಾಗ್ ಬುಕ್ ಎಂದು ಹೆಸರಾಯಿತು. ಕಂಪ್ಯೂಟರಿನಲ್ಲಿ ಇದಕ್ಕೊಂದು ಪದ್ಧತಿ ಹಾಕಿಕೊಟ್ಟವನು ಎರಿಕ್ ಆಲ್‌ಮನ್. 1980ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ, ಸೆಂಡ್‌ಮೇಲ್ ಎಂಬ ಟಪಾಲು ಸಾಗಿಸುವ ಕಾರ್ಯಕ್ರಮಕ್ಕಾಗಿ ಮಾಡಿದ್ದು. ಆಮೇಲೆ ಎಲ್ಲರೂ ಅದನ್ನೇ ಹಿಡಿದರು.

“ಯಂತ್ರಾನ ಎಲ್ಲಾ ಬರಕೊಂಡ್ರ ನಿಂದೇನ ಕೆಲಸ ಅದರಾಗ?”

“ಇಂಥಾ ಹೊತ್ತಿಗೆ ನಿಂತೆ ಅಂತ ಅದು ಬರಕೊಂತೈತಿ ಅತ್ತಿ. ಯಾಕ ನಿಲ್ಲಿಸಿದ್ರು ಅನ್ನೂದು ಅದಕ್ಕ ಗೊತ್ತಿರೂದಿಲ್ಲ. ಅದನ್ನ ನಾವ ಬರೀಬೇಕು. ನಡುರಾತ್ರಿ ಯಾವನರ ಬಂದು ಹುಡುಕಿದ್ರ ಅವಂಗ ತಿಳೀಬೇಕಲ್ಲ?”

ಹೀಗೆ ಮನುಷ್ಯರು ತಮ್ಮ ಒಂದು ಮಾತನ್ನು ಯಂತ್ರದ ದಿನಚರಿಯಲ್ಲಿ ಸೇರಿಸಲಿಕ್ಕೆ ‘ಲಾಗರ್’ ಎಂಬ ಚಿಕ್ಕ ಆಜ್ಞೆ ಇದೆ. ಆ ಶಬ್ದ ಟೈಪು ಮಾಡಿ, ಮುಂದೆ ಹೇಳಬೇಕಾದ ವಾಕ್ಯ ಬರೆದು ಎಂಟರ್ ಒತ್ತಿದರೆ ಮುಗಿಯಿತು. ದಿನಾಂಕ, ವೇಳೆ, ಬರೆದವರ ಹೆಸರು ತಾವೇ ಬಂದು ಮುಂದೆ ಕೂಡುತ್ತವೆ. ಮಾತಿನ ತೂಕ ತೋರಿಸಲು 0ಯಿಂದ 7ರವರೆಗೆ ಎಂಟು ದರ್ಜೆಗಳಿವೆ. 0 ಎಂದರೆ ಎಲ್ಲ ಮುಳುಗಿತು ಎನ್ನುವ ಹೊತ್ತು. ನಾವು ಏನೂ ಹೇಳದಿದ್ದರೆ ಅದು 5ನೇ ದರ್ಜೆಗೆ ಹೋಗುತ್ತದೆ. ಅದರ ಅರ್ಥ ‘ಗಮನಿಸಿ’ ಎಂದಷ್ಟೇ.

ತೋರಿಸುತ್ತೇನೆಂದು ಅವನು ಇಂಗ್ಲಿಷ್ ಅಕ್ಷರಗಳಲ್ಲಿ ‘ಅತ್ತಿ ಚಹಾ ಕೊಟ್ಟಳು’ ಎಂದು ಟೈಪು ಮಾಡಿದ. ಸಂಜೆ 7 ಗಂಟೆ 12 ನಿಮಿಷ ಎಂಬ ವೇಳೆಯ ಜೊತೆಗೆ ಸಾಲು ಮೂಡಿತು.

“ನಾ ಇನ್ನೂ ಚಹಾಕ್ಕ ಇಟ್ಟೇ ಇಲ್ಲಲ್ಲೋ!”

“ಅದಕ್ಕ ಗೊತ್ತಾಗೂದಿಲ್ಲ ಅತ್ತಿ. ಬರದ ಹೊತ್ತು ಖರೇ ಇರತೈತಿ. ಬರದದ್ದು ಖರೇನೋ ಸುಳ್ಳೋ ಅದು ಕೇಳೂದಿಲ್ಲ. ನನ್ನ ಹೆಸರಿನ ಜಾಗದಾಗ ಬ್ಯಾರೇ ಹೆಸರನೂ ಹಾಕಬೌದು.”

ಎಲ್ಲರೂ ನಕ್ಕರು. ನಾನೂ ನಕ್ಕು ಚಹಾ ಮಾಡಲು ಒಳಗೆ ಹೋದೆ. ಒಲೆಯ ಮುಂದೆ ನಿಂತಾಗ ನಗು ನಿಂತಿತು. 1998ರ ಒಂದು ಹಾಜರಿ ಪುಸ್ತಕ ಕಣ್ಣ ಮುಂದೆ ಬಂತು.

ಆಗ ನಾನು ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಬಿ.ಎ., ಬಿ.ಎಡ್. ಎಲ್ಲ ಆಮೇಲೆ ಮಾಡಿಕೊಂಡದ್ದು. ಬಿಸಿಯೂಟ ಇನ್ನೂ ಬಂದಿರಲಿಲ್ಲ. 1995ರ ಆಗಸ್ಟ್ 15ರಂದು ಆರಂಭವಾದ ಕೇಂದ್ರ ಸರಕಾರದ ಯೋಜನೆಯಂತೆ 1ರಿಂದ 5ನೇ ಇಯತ್ತೆಯ ಮಕ್ಕಳಿಗೆ ತಿಂಗಳಿಗೆ 3 ಕಿಲೋ ಅಕ್ಕಿ ಕೊಡುತ್ತಿದ್ದೆವು. ಹಾಜರಿ ನೂರಕ್ಕೆ 80 ಇರಬೇಕೆಂಬುದು ನಿಯಮ.

ನಾಲ್ಕನೇ ಇಯತ್ತೆಯಲ್ಲಿ ಒಬ್ಬ ಹುಡುಗಿ ಇದ್ದಳು. ದಸರೆಯ ರಜೆಯಲ್ಲಿ ಅವಳ ತಾಯಿ ಹಡೆದಳು. ಬಾಣಂತನ ಮುಗಿಯುವ ಮೊದಲೇ ಹತ್ತಿ ಬಿಡಿಸುವ ಸುಗ್ಗಿ ಬಂತು, ಅದರ ಹಿಂದೆ ಮೆಣಸಿನಕಾಯಿ. ತಾಯಿ ಕೂಲಿಗೆ ಹೋದರೆ ಕೂಸು ನೋಡುವವರು ಯಾರು? ಹುಡುಗಿ ಮನೆಯಲ್ಲಿ ಉಳಿದಳು. ತಿಂಗಳ ಕೊನೆಗೆ ತಾಯಿ ಚೀಲ ಹಿಡಿದುಕೊಂಡು ಶಾಲೆಯ ಕಟ್ಟೆಯ ಮೇಲೆ ಬಂದು ಕೂತಳು. ಏನೂ ಕೇಳಲಿಲ್ಲ, ಸುಮ್ಮನೆ ಕೂತಳು. ಎರಿಮಣ್ಣು ಮೆತ್ತಿದ ಅವಳ ಕಾಲು ನೋಡಿ ನನ್ನ ಕರುಳು ಚುರ್ ಎಂದಿತು. ಒಳಗೆ ಹೋಗಿ ಹುಡುಗಿಯ ಹೆಸರಿನ ಮುಂದೆ ಖಾಲಿ ಇದ್ದ ಮನೆಗಳಲ್ಲೆಲ್ಲ ಹಾಜರಿ ಹಾಕಿದೆ. ಅಕ್ಕಿ ಕೊಟ್ಟೆ. ಆ ರಾತ್ರಿ ಒಳ್ಳೆಯ ಕೆಲಸ ಮಾಡಿದೆನೆಂದು ನೆಮ್ಮದಿಯಿಂದ ಮಲಗಿದೆ. ಮುಂದಿನ ತಿಂಗಳೂ ಹಾಗೆಯೇ ಮಾಡಿದೆ. ಮರುವರ್ಷ ಐದನೇ ಇಯತ್ತೆಯಲ್ಲೂ ಮಾಡಿದೆ.

ಆ ನಡುವೆ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲು ಮೇಲಿನಿಂದ ಬಂದರು. ನನ್ನ ಪುಸ್ತಕದಲ್ಲಿ ಆ ಹುಡುಗಿ ದಿನವೂ ಶಾಲೆಗೆ ಬರುವವಳು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಬರದ ಹೆಸರನ್ನು ಹುಡುಕಿಕೊಂಡು ಮನೆಗೆ ಯಾರು ಹೋಗುತ್ತಾರೆ? ಮುಂದೆ ಎರಡು ವರ್ಷಕ್ಕೆ ಅವಳ ಮದುವೆಯಾಯಿತೆಂದು ಕೇಳಿದೆ.

ಬಹಳ ವರ್ಷಗಳ ಮೇಲೆ ಅವಳೇ ನನ್ನನ್ನು ಹುಡುಕಿಕೊಂಡು ಬಂದಳು. ಯಾವುದೋ ಕೆಲಸಕ್ಕೆ ಶಾಲೆಯ ದಾಖಲಾತಿ ಪತ್ರ ಬೇಕಾಗಿತ್ತು. ಜೊತೆಗೆ ಹೋಗಿ ಬರೆಯಿಸಿ ಕೊಟ್ಟೆ. ಐದನೇ ಇಯತ್ತೆ ಪಾಸು ಎಂದು ಅದರಲ್ಲಿತ್ತು. ಪತ್ರ ಮುಟ್ಟಿದ ಬಗ್ಗೆ ಸಹಿ ಮಾಡಲು ಪೆನ್ನು ಕೊಟ್ಟಾಗ ಹೆಸರಿನ ಎರಡು ಅಕ್ಷರ ಬರೆದು ನಿಂತಳು. ಮೂರನೆಯದು ನೆನಪಾಗಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿದಳು.

“ಪಾಸ್ ಅಂತ ಬರದಾರೇನ್ರೀ ಅಕ್ಕೋರ?” ಎಂದು ನಕ್ಕಳು. ಅವಳ ನಗುವಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಲೀಸಾಗುತ್ತಿತ್ತು.

ನೀವು ಕೇಳಬಹುದು: ಹಾಗಾದರೆ ಗೈರುಹಾಜರಿ ಹಾಕಿ ಆ ಅಕ್ಕಿ ತಪ್ಪಿಸಬೇಕಿತ್ತೇ? ಹಸಿದವರ ಮುಂದೆ ಪುಸ್ತಕದ ಸತ್ಯ ದೊಡ್ಡದೇ? ಈ ಪ್ರಶ್ನೆಯನ್ನು ನಾನು ನನಗೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಕ್ಕಿ ಕೊಟ್ಟದ್ದಕ್ಕೆ ಇಂದಿಗೂ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅಕ್ಕಿಗಾಗಿ ನಾನು ಕೊಟ್ಟದ್ದು ನನ್ನ ಗಂಟಿನದಲ್ಲ. ಆ ಮಗು ಶಾಲೆಯಲ್ಲಿಲ್ಲ ಎಂಬ ಸುದ್ದಿ ನನ್ನ ಸ್ವತ್ತಾಗಿರಲಿಲ್ಲ. ಅದು ಅವಳದು, ಅವಳಿಗಾಗಿ ಮುಂದೆ ಯಾರಾದರೂ ಬರಬಹುದಾಗಿದ್ದವರದು. ನನ್ನ ಕನಿಕರ ಅವರು ಬರುವ ದಾರಿಯನ್ನೇ ಮುಚ್ಚಿತು. ಜೊತೆಗೆ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಸುಳ್ಳು ಹಾಜರಿ ಹಾಕಿದ್ದರಿಂದ ನನಗೂ ಸುಖವಾಗಿತ್ತು. ದಿನವೂ ಅವಳ ಮನೆಗೆ ಹೋಗಿ ತಾಯಿಯ ಕೂಡ ವಾದಿಸುವ ತ್ರಾಸು ತಪ್ಪಿತ್ತು.

ಹಾಜರಿ, ಗೈರುಹಾಜರಿ ಎಂಬ ಎರಡೇ ದಾರಿ ಇವೆ ಎಂದು ನಾನು ತಿಳಿದಿದ್ದೆ. ಮೂರನೆಯದು ಪುಸ್ತಕದಲ್ಲೇ ಅಚ್ಚಾಗಿತ್ತು. ‘ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿದಿದ್ದಾಳೆ. ಮನೆಯಲ್ಲಿ ಬಡತನವಿದೆ’ ಎಂದು ಷರಾ ಕಾಲಮಿನಲ್ಲಿ ಬರೆಯಬಹುದಾಗಿತ್ತು. ಬರೆದಿದ್ದರೆ ಅಕ್ಕಿ ನಿಲ್ಲುತ್ತಿತ್ತೇನೋ. ಹಾಗೇನಾದರೂ ಆಗಿದ್ದರೆ ತಿಂಗಳಿಗೆ 3 ಕಿಲೋ ನನ್ನ ಪಗಾರದಿಂದ ಕೊಡುವುದು ಅಸಾಧ್ಯವಾಗಿರಲಿಲ್ಲ. ಅದು ಆಗ ಹೊಳೆಯಲಿಲ್ಲ. ಸರಕಾರದ ಅಕ್ಕಿಯಿಂದ ದಯೆ ತೋರಿಸುವುದು ಸುಲಭ.

ಈಗ ನಾನಿರುವ ಅಣ್ಣಿಗೇರಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ ಇದೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಶಾಸನ ಎಂದರೇನು ಎಂದು ಹೇಳಿಕೊಡುತ್ತೇನೆ. ನಮ್ಮ ನಾಡಿನ ದಾನಶಾಸನಗಳಲ್ಲಿ ಯಾವ ಅರಸನ ಕಾಲ, ಯಾರು ಕೊಟ್ಟರು, ಹೊಲದ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಇರುತ್ತದೆ. ಕೊನೆಗೆ, ಇದನ್ನು ಕೆಡಿಸಿದವರಿಗೆ ಪಾಪ ತಟ್ಟಲಿ ಎಂಬ ಶಾಪ. ಮಕ್ಕಳು ಶಾಪ ಕೇಳಿ ನಗುತ್ತಾರೆ. ಕಲ್ಲು ಅಕ್ಷರವನ್ನು ಉಳಿಸುತ್ತದೆ, ಮಾತನ್ನು ನಡೆಸಿಕೊಡುವುದಿಲ್ಲ. ಅದಕ್ಕೆ ಮನುಷ್ಯರೇ ಬೇಕು ಎಂದು ಬರೆಸಿದವರಿಗೆ ಗೊತ್ತಿತ್ತು. ಈಗ ಕರ್ನಾಟಕದಲ್ಲಿ ಪ್ರತಿ ವಿದ್ಯಾರ್ಥಿಗೂ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ ಇದೆ. ದಾಖಲೆ ಕಳೆಯುವ ಭಯ ಕಡಿಮೆಯಾಗಿದೆ. ಆದರೆ ಸಂಜೆ 7 ಗಂಟೆ 12 ನಿಮಿಷಕ್ಕೆ ನಾನು ಕೊಡದ ಚಹಾವನ್ನು ಬರೆದುಕೊಂಡದ್ದೂ ಕಂಪ್ಯೂಟರೇ.

ಚಹಾ ತಂದುಕೊಟ್ಟು ಹುಡುಗನನ್ನು ಕೇಳಿದೆ, “ಈಗ ಆ ಸುಳ್ಳ ಸಾಲು ಅಳಸ್ತೀಯೇನು?”

“ಲಾಗರ್‌ಗೆ ಅಳಸೂದು ಗೊತ್ತಿಲ್ಲ ಅತ್ತಿ. ತಪ್ಪಾದ್ರ ಕೆಳಗ ಇನ್ನೊಂದು ಸಾಲು ಬರೀತೇವಿ,” ಎಂದು ಟೈಪು ಮಾಡಿದ: ‘ಮೇಲಿನದು ಸುಳ್ಳು. ಚಹಾ ಈಗ ಬಂತು.’ ವೇಳೆ 7 ಗಂಟೆ 31 ನಿಮಿಷ.

ಆ ಹಳ್ಳಿಯ ಶಾಲೆಯ ಹಳೆಯ ಪುಸ್ತಕ ಈಗ ಯಾವ ಟ್ರಂಕಿನಲ್ಲಿದೆಯೋ. ಸಿಕ್ಕರೂ ಅದರಲ್ಲಿ ಬರೆಯುವ ಅಧಿಕಾರ ನನಗಿಲ್ಲ. ಈಗಿನ ನನ್ನ ತರಗತಿಯಲ್ಲಿ ಮೂರು ದಿನ ಮಗು ಕಾಣದಿದ್ದರೆ ಮನೆಗೆ ಹೋಗಿ ಬಂದು ಕಾರಣವನ್ನು ಷರಾದಲ್ಲಿ ಬರೆಯುತ್ತೇನೆ. ಯಾರು ಓದುತ್ತಾರೆ ಎಂದು ಜೊತೆಯವರು ಕೇಳುತ್ತಾರೆ. ಯಾವಾಗಲೋ ಒಬ್ಬರು ಹುಡುಕಿಕೊಂಡು ಬರಬಹುದು, ಬರದೆಯೂ ಇರಬಹುದು ಎನ್ನುತ್ತೇನೆ. 1998ರ ಆ ಹುಡುಗಿಯ ಹೆಸರಿನ ಮುಂದೆ ನಾನು ಹಾಕಿದ ಹಾಜರಿ ಸುಳ್ಳು. ಅವಳು ಮನೆಯಲ್ಲಿ ಕೂಸು ಆಡಿಸುತ್ತಿದ್ದಳು. ಅಲ್ಲಿ ಬರೆಯಲಾಗದ ಷರಾವನ್ನು ಇಲ್ಲಿ ಬರೆದಿದ್ದೇನೆ.