ದೇವರಿಲ್ಲದ ಗುಡಿಯ ಋಣ



ಬೆಟ್ಟ ಹತ್ತಿ ಬಂದವರು ಸೇವಾ ಚೀಟಿ ಬರೆಸುವಾಗ ನನ್ನನ್ನು ಕೇಳುವುದುಂಟು: "ಮೆಟ್ಟಿಲ ದಾರೀಲಿರೋ ಹಳೇ ಗುಡೀಲಿ ದೇವರೇ ಇಲ್ವಲ್ಲ ಸ್ವಾಮಿ, ಒಳಗೆ ಕೂತು ಬುತ್ತಿ ಬಿಚ್ಚಿದ್ರೆ ದೋಷವಾ?"

ಸಣ್ಣ ಪ್ರಶ್ನೆಯೇ. ಆದರೆ ಉತ್ತರ ಅಷ್ಟು ಸುಲಭವಲ್ಲ.

ಹಂಪಿಗೆ ಹೋದವರು ನೋಡಿರುತ್ತೀರಿ. ವಿರೂಪಾಕ್ಷನಿಗೆ ಇಂದಿಗೂ ನಿತ್ಯಪೂಜೆ ನಡೆಯುತ್ತದೆ. ಪಕ್ಕದ ಹೇಮಕೂಟದ ಮೇಲೆ ವಿಜಯನಗರಕ್ಕಿಂತ ಹಿಂದಿನ ಗುಡಿಗಳಿದ್ದು, ಹಲವು ಈಗ ಬರಿದಾಗಿವೆ. ಮಳೆ ಬಂದರೆ ಜನ ಅಲ್ಲಿ ನಿಲ್ಲುತ್ತಾರೆ, ಸಂಜೆ ಸೂರ್ಯಾಸ್ತ ನೋಡುತ್ತಾರೆ. ಕೆಳಗೆ ತೇರು ಬೀದಿಯ ಸಾಲುಮಂಟಪಗಳು ಹಿಂದೆ ಪೇಟೆಯಾಗಿದ್ದವು. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಮುಂದೆ ಜನ ಆ ಮಂಟಪಗಳಿಗೆ ಗೋಡೆ ಕಟ್ಟಿ ಮನೆ, ಅಂಗಡಿ, ಹೋಟೆಲ್ ಮಾಡಿಕೊಂಡರು. ಸ್ಮಾರಕಕ್ಕೆ ಧಕ್ಕೆ ಎಂದು 2011ರಲ್ಲಿ ತೆರವು ಮಾಡಿಸಿದರು. ಅಲ್ಲಿದ್ದ ಸಂಸಾರಗಳು ಏಳಬೇಕಾಯಿತು. 2024ರ ಮೇ ತಿಂಗಳ ಮಳೆಗೆ ಅದೇ ಸಾಲಿನ ಒಂದು ಭಾಗ ಕುಸಿಯಿತು. ಖಾಲಿ ಮಾಡಿಸಿದ್ದಕ್ಕೇ ಬಿತ್ತು ಅಂತ ನಾನು ಹೇಳೋದಿಲ್ಲ. ಆದರೆ ಸುದ್ದಿ ಓದಿದಾಗ ನಮ್ಮ ಮೆಟ್ಟಿಲ ಗುಡಿ ನೆನಪಾಯಿತು.

ನಾನು ಕೆಲಸಕ್ಕೆ ಸೇರಿದಾಗ ಅಲ್ಲಿ ಒಬ್ಬ ಅಜ್ಜಿ ಮಜ್ಜಿಗೆ ಮಾರ್ತಿದ್ರು. ಬೆಳಗ್ಗೆ ಕಸ ಗುಡಿಸಿ, ನೀರು ಚಿಮುಕಿಸಿ, ಖಾಲಿ ಪೀಠಕ್ಕೆ ಒಂದು ಹೂವಿಟ್ಟೇ ಗಡಿಗೆ ಇಳಿಸೋರು. ಪಾವಿತ್ರ್ಯಕ್ಕೆ ಭಂಗ ಅಂತ ಅವರನ್ನು ಎಬ್ಬಿಸಿದೆವು. ನೋಟೀಸು ಬರೆದವನು ನಾನೇ. ಅಜ್ಜಿ ಎದುರು ಮಾತಾಡಲಿಲ್ಲ, ಪೊರಕೆ ಮಾತ್ರ ಅಲ್ಲೇ ಬಿಟ್ಟು ಹೋದರು. ಈಗ ಒಳಗೆ ಬಾವಲಿ ಸೇರಿಕೊಂಡಿದೆ, ಗುಟ್ಕಾ ಚೀಟಿ ಬಿದ್ದಿರುತ್ತೆ. ಚಾವಣಿಯ ಸಂದಿಯಲ್ಲಿ ಅರಳಿ ಸಸಿ ಬೇರು ಬಿಟ್ಟು ಚಪ್ಪಡಿ ಸರಿಸುತ್ತಿದೆ.

ಕಲ್ಲಿಗೆ ಮೊಳೆ ಹೊಡೆಯೋದು, ಗೋಡೆ ಎಬ್ಬಿಸೋದು ತಪ್ಪೇ. ಅದಕ್ಕೆ ಎರಡು ಮಾತಿಲ್ಲ. ಆದರೆ ಒಬ್ಬರನ್ನು ಎಬ್ಬಿಸುವ ಮುಂಚೆ, ನಾಳೆಯಿಂದ ಇಲ್ಲಿ ಕಸ ಗುಡಿಸೋರು ಯಾರು ಅಂತ ಕೇಳಬೇಕಿತ್ತು. ನಾವು ಕೇಳಲಿಲ್ಲ. ಪೂಜೆ ನಿಂತ ಮೇಲೆ ಗುಡಿಗೆ ಉಳಿಯೋದು ಬಳಸುವವರ ಅಕ್ಕರೆ ಒಂದೇ. ಮಡಿಯ ಹೆಸರಲ್ಲಿ ಅದನ್ನೂ ಕಿತ್ತುಕೊಂಡರೆ ಅದೂ ಒಂದು ದೋಷವೇ ಎಂದು ಈಗ ನನಗೆ ಅನಿಸುತ್ತದೆ.

ಆದ್ದರಿಂದ ಕೇಳಿದವರಿಗೆ ನನ್ನ ಉತ್ತರ ಇಷ್ಟೆ: ಕೂತು ಬುತ್ತಿ ಉಣ್ಣಿ, ದೋಷವಿಲ್ಲ. ಗೋಡೆ ಮೇಲೆ ಹೆಸರು ಕೆತ್ತಬೇಡಿ. ಏಳುವಾಗ ಎಲೆ ಎತ್ತಿ, ಕೂತ ಜಾಗ ಗುಡಿಸಿ. ಒಳಗೆ ದೇವರಿಲ್ಲದಿದ್ದರೂ ನೆರಳು ಕೊಟ್ಟ ಋಣ ಇದ್ದೇ ಇದೆ.

ಎಡಗಡೆ ಕಂಬದ ಹಿಂದೆ ಒಂದು ಪೊರಕೆ ಇಟ್ಟಿದ್ದೇನೆ.