ಕಾಲದ ಹಂಗು

ಮಾರ್ಗಶಿರ, ಪುಷ್ಯಮಾಸಗಳಲ್ಲಿ ಗಾಂಧಿ ಬಜಾರಿನಲ್ಲಿ ಹಾದುಹೋಗುವವರಿಗೆ ಅವರೆಕಾಯಿಯ ಸೊಗಡು ಸುಪರಿಚಿತವೇ ಸರಿ. ಈ ನಾಡತಳಿಯನ್ನು ಎಂದು ಬಿತ್ತಿದರೂ, ಹಗಲು ಕುಗ್ಗಿ ಇರುಳು ಬೆಳೆಯುವ ತನಕ ಅದು ಹೂ ಬಿಡದು. ಸಸ್ಯಗಳ ಈ ಕಾಲಜ್ಞಾನವನ್ನು ಅಮೆರಿಕದ ಗಾರ್ನರ್, ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ವಿವರಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ‘ಹೆಬ್ಬಾಳ ಅವರೆ’ಯ ತಳಿಗಳಾದರೋ ಹಗಲಿನ ಅಳತೆಯನ್ನು ಕೇಳವು, ವಯಸ್ಸು ತುಂಬಿದೊಡನೆ ಬೇಸಗೆಯಲ್ಲಿಯೂ ಹೂವಾಗುವುವು.

ಹಾಗಾದರೆ ಕಾಲದ ಹಂಗಿನಿಂದ ಬಿಡುಗಡೆ ಹೊಂದುವುದೇ ಸ್ವಾತಂತ್ರ್ಯವೆ? ನಾಡ ಅವರೆಯಲ್ಲಿ ಪಳಗಿದ ಬೇಸಾಯಗಾರನು ಹೊಸತನ್ನು ಮೊದಲ ಸಲ ಬಿತ್ತಿದಾಗ ಇದರ ಉತ್ತರವನ್ನು ಕಾಣುವನು. ಆಷಾಢದಲ್ಲಿ ರಾಗಿಯ ಸಾಲುಗಳ ನಡುವೆ ಬಿತ್ತಿದ ಹಳೆಯ ಗಿಡವು ಮೊದಲು ಸೊರಗಿದರೂ ಹೂ ಬಿಡುವ ಕಾಲದೊಳಗೆ ಚೇತರಿಸಿಕೊಳ್ಳುವುದು; ಒಂದು ವಾರದ ಅಲಕ್ಷ್ಯವನ್ನು ಋತುವು ಮನ್ನಿಸುವುದು. ಹೊಸ ಗಿಡವು ಕಾಯದು. ಎಳವೆಯಲ್ಲಿ ನೀರು ಗೊಬ್ಬರ ತಪ್ಪಿದರೆ ಗಿಡ್ಡಾಗಿಯೇ ಹೂ ತಳೆದು, ಕೆಲವೇ ಕಾಯಿ ಕೊಟ್ಟು ಮುಗಿಯುವುದು. ಕಾದು ನೋಡುವ ಜಾಣ್ಮೆ ಇಲ್ಲಿ ಸಾಲದು. ಮೊದಲ ದಿನದಿಂದಲೇ ಎಚ್ಚರವಿರಬೇಕು.

ಋತುವಿನ ಕಟ್ಟಿನಲ್ಲಿ ಕ್ಷಮೆಯೂ ಅಡಗಿದ್ದಿತು. ಕಾಲದ ಹಂಗನ್ನು ತೊರೆದವನಿಗೆ ಕಾಲದ ದಯೆಯೂ ದೊರೆಯದು. ಮಕ್ಕಳು ಎಳವೆಯಲ್ಲಿಯೇ ಫಲ ಬಿಡಬೇಕೆಂದು ಬಯಸುವ ಹಿರಿಯರು ಇದನ್ನು ಆಲೋಚಿಸತಕ್ಕದ್ದು.